ಹಂಸಾ ಮೇಡಂ ಖಾಲಿ ಬಿಟ್ಟ ಚೌಕ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಜಾಲತಾಣ ಕಟ್ಟುವುದನ್ನು ಕಸುಬಾಗಿಯೋ ಹವ್ಯಾಸವಾಗಿಯೋ ಹಿಡಿದವರ ನಡುವೆ ಶ್ರೀಮತಿ ಎಚ್. ಕೆ. ಹಂಸಾ ಅವರ ಸ್ಥಾನ ಯಾವುದೆಂದು ಹೇಳಲು ಹೆಚ್ಚು ವಿಶೇಷಣಗಳು ಬೇಕಿಲ್ಲ. ಅವರು ಸ್ವತಃ ಕಟ್ಟಿದ ತಾಣಗಳು ಎರಡೇ ಎರಡು. ಒಂದು, ಅವರು 34 ವರ್ಷ ಕಂಪ್ಯೂಟರ್ ಪಾಠ ಹೇಳಿದ ಬನಶಂಕರಿಯ ಪಾಲಿಟೆಕ್ನಿಕ್ಕಿನದು. ಇನ್ನೊಂದು, ನಮ್ಮ ದಕ್ಷಿಣ ಜಾಲ ಬಳಗದ್ದು. ಆದರೆ ಬಳಗದವರು ಕಟ್ಟಿದ ತಾಣಗಳಲ್ಲಿ ನಿಜವಾಗಿ ಒಳ್ಳೆಯದು ಯಾವುದೆಂದು ತಿಂಗಳಿಗೊಮ್ಮೆ ಆರಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡುವ ಕೆಲಸವನ್ನು ಅವರು ಹದಿಮೂರು ವರ್ಷ ಮಾಡಿದರು. ಬಿಟಿಎಂ ಲೇಔಟ್‌ನ ಪಿ.ಜಿ. ಕೋಣೆಗಳಲ್ಲಿ ಕೂತು ಕೆಲಸ ಹುಡುಕುವವರು ತಮ್ಮ ಅರ್ಜಿಯ ಮೊದಲ ಸಾಲಿನಲ್ಲೇ "ಹಂಸಾ ಮೇಡಂ ಗೋಡೆಗೆ ಹಾಕಿದ ತಾಣ" ಎಂದು ಬರೆಯುವಷ್ಟರ ಮಟ್ಟಿಗೆ ಆ ಆಯ್ಕೆಗೆ ಬೆಲೆ ಬಂದಿತ್ತು.

ಈ ಅಭಿನಂದನ ಸಂಪುಟದ ಸಂಪಾದಕ ನಚಿಕೇತ ಅವರು ನನ್ನಿಂದ ಲೇಖನ ಕೇಳುವಾಗ, "ಇನ್ನೂರು ಸೈಟ್ ಆದ್ರೂ ಆಗಿರ್ಬೇಕಲ್ವಾ ಶಾಂತವೀರಪ್ಪ ಸಾರ್? ಇನ್ನೂರು ಅಂತ್ಲೇ ಹಾಕ್ಬಿಡಿ, ಚೆನ್ನಾಗಿರುತ್ತೆ" ಎಂದರು. ಹಾಕಲಾರೆ. 2012ರ ಜುಲೈಯಿಂದ 2025ರ ಜೂನ್‌ವರೆಗೆ 156 ತಿಂಗಳು. ಅದರಲ್ಲಿ ನಾಲ್ಕು ತಿಂಗಳು ಯಾವ ತಾಣವೂ ಆಯ್ಕೆಯಾಗಲಿಲ್ಲ. ಉಳಿದದ್ದು 152. ಈ 152 ತಾಣಗಳಿಗೂ ತಲಾ ಅರವತ್ತು ಪದಗಳ ಪರಿಚಯ ಬರೆದವನು ನಾನು. ಈ 152ರಲ್ಲಿ ನನ್ನ ತಾಣ ಇಲ್ಲ. ಆದ್ದರಿಂದ ಓದುಗರು ಇದನ್ನು ಹೊಟ್ಟೆಕಿಚ್ಚಿನವನೊಬ್ಬ ಕೊಟ್ಟ ಸಾಕ್ಷ್ಯ ಎಂದು ತಿಳಿದೇ ಓದಬೇಕು. ಅಂಥ ಸಾಕ್ಷ್ಯದಲ್ಲಿ ಹೊಗಳಿಕೆ ಬಂದರೆ ಅದು ನಿಜವಿರುವ ಸಂಭವ ಹೆಚ್ಚು ಎಂಬುದು ನನ್ನ ಅನುಭವ.

ನಾನು ಅವರನ್ನು ಮೊದಲು ನೋಡಿದ್ದು 2012ರ ಜುಲೈ 14, ಎರಡನೇ ಶನಿವಾರ. ಆಗ ನಾನು ದಿನಪತ್ರಿಕೆಯೊಂದರಲ್ಲಿ ಮುಖ್ಯ ಉಪಸಂಪಾದಕ. ವೆಬ್ ತಾಣ ಕಟ್ಟುವ ಇಪ್ಪತ್ತು ಮೂವತ್ತು ಜನ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸೇರುತ್ತಾರೆ, ಒಂದು ಸಣ್ಣ ವರದಿ ಮಾಡಿ ಎಂದು ಕಳುಹಿಸಿದ್ದರು. ಲ್ಯಾಬಿನ ಹೊರಗಿನ ಓಣಿಯಲ್ಲಿ ಗಾಜಿನ ಬಾಗಿಲಿನ ಒಂದು ಹಳೆಯ ನೋಟಿಸ್ ಬೋರ್ಡು. ಹಂಸಾ ಅವರು ಅದರಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದು, ಒಂದೊಂದು ಚೌಕಕ್ಕೂ ಒಂದೊಂದು ತಿಂಗಳ ಹೆಸರು ಬರೆದು, ಮೊದಲ ಚೌಕದಲ್ಲಿ ಆ ತಿಂಗಳು ಆಯ್ಕೆಯಾದ ತಾಣದ ಮುಖಪುಟವನ್ನು ಅಚ್ಚು ಹಾಕಿಸಿ ಅಂಟಿಸಿದ್ದರು. ಬಳಗದವರು ಅದನ್ನು ಗೋಡೆ ಎಂದು ಕರೆದರು. ಮುಂದೆ ಬೋರ್ಡಿನ ಜೊತೆಗೆ ಬಳಗದ ತಾಣದಲ್ಲೂ ಅದಕ್ಕೆ ಒಂದು ಪುಟ ಬಂತು. ಅಲ್ಲಿಯೂ ಹೆಸರು ಗೋಡೆಯೇ ಉಳಿಯಿತು.

ಆಯ್ಕೆಯ ರೀತಿಯನ್ನು ಇಲ್ಲಿ ವಿವರವಾಗಿ ದಾಖಲಿಸಬೇಕು, ಏಕೆಂದರೆ ಹಂಸಾ ಅವರ ನಿಜವಾದ ಕೊಡುಗೆ ಅದೇ. ತೀರ್ಪುಗಾರರ ಸಮಿತಿ ಇರಲಿಲ್ಲ, ಅಂಕಪಟ್ಟಿ ಇರಲಿಲ್ಲ. ಲ್ಯಾಬಿನ ನಡುವೆ ಒಂದು ಕುರ್ಚಿ. ಜಾಲತಾಣ ಕಟ್ಟುವ ಕಸುಬಿನ ಗಂಧವೂ ಇಲ್ಲದ ಒಬ್ಬರು ತಮ್ಮ ಫೋನ್ ಹಿಡಿದು ಅದರಲ್ಲಿ ಕೂರಬೇಕು. ಹಂಸಾ ಅವರು ಒಂದು ಚೀಟಿಯಲ್ಲಿ ಒಂದೇ ಒಂದು ಕೆಲಸ ಬರೆದುಕೊಡುತ್ತಾರೆ: ಈ ದವಾಖಾನೆ ಭಾನುವಾರ ತೆಗೆದಿರುತ್ತದೆಯೇ, ಈ ಛತ್ರಕ್ಕೆ ಯಾರಿಗೆ ಫೋನ್ ಮಾಡಬೇಕು, ಇಂಥದ್ದು. ಐದು ನಿಮಿಷದಲ್ಲಿ ಆ ಕೆಲಸ ಮುಗಿಯಬೇಕು. ತಾಣ ಕಟ್ಟಿದವರು ಹಿಂದೆ ಒಂದು ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಕೂರಬೇಕು. ಕೈ ಹೊರಗೆ ಬಂದರೆ ಅಥವಾ ಮಾತು ಹೊರಗೆ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕುರ್ಚಿಯಲ್ಲಿ ಕೂತವರು ಸಲೀಸಾಗಿ ಕೆಲಸ ಮುಗಿಸಿಕೊಂಡ ತಾಣಗಳಲ್ಲಿ ಒಂದು ಗೋಡೆಗೆ ಹೋಗುತ್ತಿತ್ತು.

ಆ ಕುರ್ಚಿಯಲ್ಲಿ ಅತಿ ಹೆಚ್ಚು ಸಲ, ನನ್ನ ಲೆಕ್ಕದಂತೆ 61 ಸಲ, ಕೂತವರು ಅರೆಕೆರೆಯ ಬೈರಮ್ಮ. ಹಿಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅವರಿಗೆ ಒಂಬತ್ತು ಬಾಡಿಗೆ ಮನೆಗಳಿವೆ. ಅವರ ಬಾಡಿಗೆದಾರನೂ ಬಳಗದ ಸದಸ್ಯನೂ ಆದ ರೇವಂತ್ ಮೊದಲ ಸಲ ಅವರನ್ನು ಕರೆತಂದಾಗ ಒಬ್ಬ ಪ್ರಸಿದ್ಧ ವಿನ್ಯಾಸಕಾರರ ತಾಣ ಪರೀಕ್ಷೆಗಿತ್ತು. ಬೈರಮ್ಮ ಎರಡು ನಿಮಿಷ ತೆರೆಯನ್ನು ತಳ್ಳಿ ತಳ್ಳಿ ನೋಡಿ, ತಿರುಗಿ ಕೇಳಿದರು: "ಎಲ್ಲಾ ಚಂದಾಗೈತೆ. ಇದ್ರಲ್ಲಿ ಫೋನ್ ನಂಬರ್ ಎಲ್ಲಿ ಬಚ್ಚಿಟ್ಟಿದೀಯಪ್ಪ?" ವಿನ್ಯಾಸಕಾರರು ನಗಲಿಲ್ಲ. ಮುಂದಿನ ತಿಂಗಳು ನಂಬರನ್ನು ಎಲ್ಲಕ್ಕಿಂತ ಮೇಲೆ ತಂದರು. ಗೋಡೆಗೆ ಬಂದರು.

2014ರಲ್ಲಿ, ಮೂವತ್ತೊಂದು ವರ್ಷದ ಸೇವೆಯ ನಂತರ, ನಾನು ಪತ್ರಿಕೆ ಬಿಟ್ಟೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತಿನ ಬೀದಿಬೀದಿಯ ವಿಷಯಗಳನ್ನು, ಎಂದರೆ ಕರೆಂಟ್ ಎಲ್ಲಿ ಹೋಗುತ್ತದೆ, ಯಾವ ರಸ್ತೆ ಅಗೆದಿದ್ದಾರೆ, ಉಚಿತ ಕಣ್ಣಿನ ತಪಾಸಣೆ ಎಲ್ಲಿದೆ ಎಂಬುದನ್ನು, ಇಬ್ಬರಿಂದ ಕೇಳಿ ಖಚಿತಪಡಿಸಿಕೊಂಡೇ ಪ್ರಕಟಿಸುವ 'ದಕ್ಷಿಣ ದಿನಚರಿ' ಎಂಬ ತಾಣವನ್ನು ನಾನೇ ಕಲಿತು ಕಟ್ಟಿದೆ. ಕಲಿಸಿದವರು ಹಂಸಾ ಅವರು. ಪ್ರತಿ ಮಂಗಳವಾರ ಸಂಜೆ ತರಗತಿ ಮುಗಿದ ಮೇಲೆ ಒಂದು ಗಂಟೆ, ಏಳು ತಿಂಗಳು. ಐವತ್ತಮೂರರ ವಯಸ್ಸಿನ ನನ್ನನ್ನು ಹದಿನೆಂಟರ ವಿದ್ಯಾರ್ಥಿಗಳ ಪಕ್ಕ ಕೂರಿಸಿ, ತಪ್ಪಾದಲ್ಲಿ ಅವರನ್ನು ಬೈದ ಹಾಗೆಯೇ ನನ್ನನ್ನೂ ಬೈದರು. ಇದನ್ನು ಉಪಕಾರವೆಂದೇ ಎಣಿಸುತ್ತೇನೆ.

2015ರ ನವೆಂಬರ್ 14ರಂದು ದಿನಚರಿಯನ್ನು ಮೊದಲ ಸಲ ಕುರ್ಚಿಯ ಮುಂದೆ ಇಟ್ಟೆ. ಆಗ ಅದರಲ್ಲಿ 212 ಪುಟಗಳಿದ್ದವು. ಬೈರಮ್ಮ ಫೋನ್ ಹಿಡಿದು ಅರೆಕೆರೆಯನ್ನು ಹುಡುಕುತ್ತಿದ್ದರು. ಅದು ಅವರ ಹೆಬ್ಬೆರಳಿನಿಂದ ಅರ್ಧ ಇಂಚು ದೂರದಲ್ಲಿತ್ತು. ನಾನು, "ಅಲ್ಲೇ ಮೇಲೆ, ಬಲಗಡೆ" ಎಂದುಬಿಟ್ಟೆ.

"ಮುಗೀತು ಸಾರ್," ಎಂದರು ಹಂಸಾ.

"ಒಂದೇ ಮಾತಲ್ವಾ ಮೇಡಂ?"

"ನಿಮ್ಮ ಸೈಟ್ ಓದೋ ಎಲ್ಲರ ಹಿಂದೆ ನೀವು ಹೀಗೆ ಸ್ಟೂಲ್ ಹಾಕ್ಕೊಂಡು ಕೂತಿರ್ತೀರಾ?"

ಆ ತಿಂಗಳು ಗೋಡೆಗೆ ಹೋದದ್ದು ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ಟೈಲರ್‌ಗೆ ಯಾರೋ ಕಟ್ಟಿಕೊಟ್ಟ ನಾಲ್ಕು ಪುಟದ ತಾಣ. ಅದರ ಪರಿಚಯವನ್ನೂ ನಾನೇ ಬರೆದೆ. ಅರವತ್ತು ಪದ ಎಂದಿದ್ದರೂ ಐವತ್ತೆಂಟರಲ್ಲಿ ನಿಲ್ಲಿಸಿದೆ. ಎರಡು ಪದ ಉಳಿಸಿದ್ದು ಬೇಕೆಂದೇ.

2018ರ ಮಾರ್ಚ್ 19ರಂದು ನನ್ನ ಪತ್ನಿ ಜಯಾ ಅವರನ್ನು ಜೆ.ಪಿ. ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಹನ್ನೊಂದು ದಿನ ನಾನು ಅಲ್ಲಿಂದ ಕದಲಲಿಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ ನೆನಪಾಗಿ ಫೋನಿನಲ್ಲಿ ದಿನಚರಿ ತೆರೆದರೆ, ಅದು ನಿಂತಿರಲಿಲ್ಲ. ಹಂಸಾ ಅವರು ಬೆಳಿಗ್ಗೆ ಐದೂವರೆಗೆ ಎದ್ದು, ನನ್ನ ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡಿ, ನನ್ನ ನಿಯಮದಂತೆ ಇಬ್ಬರಿಂದ ಖಚಿತಪಡಿಸಿಕೊಂಡು, ಒಂದು ದಿನವೂ ತಪ್ಪದೆ ಪ್ರಕಟಿಸಿ, ಆಮೇಲೆ ಒಂಬತ್ತಕ್ಕೆ ತರಗತಿಗೆ ಹೋಗುತ್ತಿದ್ದರು. ಕೇಳದೆ ಮಾಡಿದ್ದು, ಮಾಡಿದ ಮೇಲೂ ಹೇಳದೆ ಬಿಟ್ಟದ್ದು.

ಜಯಾ ಗುಣಮುಖರಾಗಿ ಮನೆಗೆ ಬಂದರು. ಏಪ್ರಿಲ್ 14ರಂದು ನಾನು ಎರಡನೇ ಸಲ ಸ್ಟೂಲಿನ ಮೇಲೆ ಕೂತೆ. ಮಾತಾಡಲಿಲ್ಲ. ಆದರೆ ಬೈರಮ್ಮ ಮೂರನೇ ಸಲ ತಪ್ಪು ಕಡೆ ಒತ್ತಿದಾಗ ನನ್ನ ಬಲಗೈ ತಾನಾಗಿ ತೊಡೆಯ ಕೆಳಗಿನಿಂದ ಹೊರಬಂದು ತೆರೆಯ ಕಡೆ ಚಾಚಿತು. ಹಂಸಾ ಗಡಿಯಾರ ಕೆಳಗಿಟ್ಟರು. ಆ ದಿನ ನನಗೆ ನಿಜವಾಗಿ ಸಿಟ್ಟು ಬಂತು. ಹನ್ನೊಂದು ದಿನ ತಾವೇ ನಡೆಸಿದ ತಾಣವಲ್ಲವೇ, ಅದರ ಯೋಗ್ಯತೆ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ.

"ಆ ಕೆಲಸ ಮಾಡಿದ್ದು ನಿಮಗೋಸ್ಕರ ಸಾರ್. ಗೋಡೆ ಇರೋದು ಬೈರಮ್ಮನೋರಿಗೋಸ್ಕರ. ಅದು ಬೇರೆ, ಇದು ಬೇರೆ."

ಬೈರಮ್ಮ ಮಾತ್ರ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕಬೇಡಿ ಪೇಪರ್ ಸ್ವಾಮಿ. ನಿಮ್ದು ಒಳ್ಳೇದೇ. ಒಳಿಕ್ಕೋಗಕ್ಕೆ ಬಾಗ್ಲೇ ಸಿಗಾಕಿಲ್ಲ, ಅಷ್ಟೇಯ."

ನಂತರದ ವರ್ಷಗಳಲ್ಲಿ ಗೋಡೆಯ ಹೆಸರು ಊರು ದಾಟಿತು. 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಯಾರೂ ಕುರ್ಚಿಯಲ್ಲಿ ಕೂರುವಂತಿರಲಿಲ್ಲವಾದ್ದರಿಂದ ಆ ಎರಡು ಚೌಕಗಳಲ್ಲಿ ಹಂಸಾ ಅವರು "ಈ ತಿಂಗಳು ಇಲ್ಲ" ಎಂದು ಬರೆದರು. ಅದಕ್ಕೂ ಮುಂಚೆ 2016ರ ಡಿಸೆಂಬರ್‌ನಲ್ಲಿ, ಬಂದ ಒಂಬತ್ತು ತಾಣಗಳಲ್ಲಿ ಒಂದೂ ಪರೀಕ್ಷೆ ದಾಟದೆ, ಹಾಗೆಯೇ ಬರೆದಿದ್ದರು. ಇದೇ 2020ರಲ್ಲಿ ಕೆಲಸ ಕಳೆದುಕೊಂಡ ಚೈತನ್ಯ ಎಂಬ ಸದಸ್ಯರಿಗಾಗಿ ಅವರು ನಾಲ್ಕು ಕಂಪನಿಗಳಿಗೆ ತಾವೇ ಫೋನ್ ಮಾಡಿದರು. ಹೊಗಳಲಿಲ್ಲ. "ಗೋಡೆಯಲ್ಲಿ 74ನೇದು ಇವರದ್ದು, ತೆಗೆದು ನೋಡಿ" ಎಂದಷ್ಟೇ ಹೇಳಿದರು. ಮೂರನೇ ಕಂಪನಿ ಕೆಲಸ ಕೊಟ್ಟಿತು. ಚೈತನ್ಯ ಈಗಲೂ ಅಲ್ಲಿಯೇ ಇದ್ದಾರೆ.

2022ರ ಸೆಪ್ಟೆಂಬರ್ 10ರ ದಿನವನ್ನು ನಾನು ಸುಲಭವಾಗಿ ಮರೆಯಲಾರೆ. ದಿನಚರಿ 1,140 ಪುಟಗಳಿಗೆ ಬೆಳೆದಿತ್ತು. ಅದರಷ್ಟು ನಿಖರವಾದ ಮಾಹಿತಿ ದಕ್ಷಿಣ ಬೆಂಗಳೂರಿನ ಬಗ್ಗೆ ಇನ್ನೊಂದು ಕಡೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬೈರಮ್ಮ ಐದು ನಿಮಿಷ ಅದರೊಳಗೆ ಓಡಾಡಿದರು. ನಾನು ಮಾತಾಡಲಿಲ್ಲ, ಕೈ ಚಾಚಲಿಲ್ಲ. ಸಮಯ ಮುಗಿಯಿತು. ಕೆಲಸ ಮುಗಿದಿರಲಿಲ್ಲ.

ನನ್ನ ನಂತರ ಸ್ಟೂಲಿಗೆ ಬಂದವಳು ರಮ್ಯ, ಜೆ.ಪಿ. ನಗರ ಏಳನೇ ಹಂತದ ಇಪ್ಪತ್ತಾರು ವರ್ಷದ ಯುವತಿ. ಅವಳ ತಾಣದಲ್ಲಿ ಇದ್ದದ್ದು ಒಂದೇ ಪುಟ. ಕಾವೇರಿ ನೀರು ನಿಮ್ಮ ಬೀದಿಗೆ ಯಾವಾಗ ಬರುತ್ತದೆ ಎಂಬುದನ್ನು ಆಯಾ ಬೀದಿಯವರೇ ನಲ್ಲಿ ಬಂದ ಕೂಡಲೇ ತಿಳಿಸುತ್ತಾರೆ. ತಾಣ ಅದನ್ನು ಲೆಕ್ಕ ಹಾಕಿ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ಬೈರಮ್ಮ ತಮ್ಮ ಬೀದಿ ಒತ್ತಿದರು. ತೆರೆಯ ತುಂಬ ಬಂತು: "ಇವತ್ತು ಬರಲ್ಲ. ನಾಳೆ, ಭಾನುವಾರ 11ನೇ ತಾರೀಖು, ಬೆಳಿಗ್ಗೆ ಆರಕ್ಕೆ."

ಹನ್ನೆರಡು ಸೆಕೆಂಡು. ಬೈರಮ್ಮ ಎದ್ದೇಬಿಟ್ಟರು. "ಸಂಪ್ ತೊಳ್ಸಕ್ಕೆ ಹೇಳ್ಬೇಕು, ಬತ್ತೀನಿ ಮೇಡಮ್ಮೋರೆ."

ಮೂವತ್ತೊಂದು ವರ್ಷ ಶೀರ್ಷಿಕೆ ಕೊಟ್ಟ ನಾನು ಅಷ್ಟು ಒಳ್ಳೆಯ ಶೀರ್ಷಿಕೆಯೊಂದನ್ನು ಎಂದೂ ಕೊಟ್ಟಿರಲಿಲ್ಲ. ಅದನ್ನು ಆ ಕ್ಷಣವೇ ಅರಿತೆ. ಅರಿತದ್ದರಿಂದ ಹೊಟ್ಟೆಯ ಉರಿ ಕಡಿಮೆಯಾಗಲಿಲ್ಲ. ಅಂದು ಸಂಜೆ ಎಲ್ಲರೂ ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ರಮ್ಯಳನ್ನು ಅಭಿನಂದಿಸುತ್ತಿದ್ದಾಗ, ನಾನು ಲೋಟ ಹಿಡಿದು ಬೇರೆ ಮೇಜಿಗೆ ಹೋದೆ. ಅವಳ ತಾಣದ ಪರಿಚಯ ಬರೆಯಲು ಒಂಬತ್ತು ದಿನ ತೆಗೆದುಕೊಂಡೆ. ಆ ಒಂಬತ್ತು ದಿನ ಹಂಸಾ ಅವರು ಒಮ್ಮೆಯೂ ಜ್ಞಾಪಿಸಲಿಲ್ಲ. ಕಳುಹಿಸಿದಾಗ, "ಇದು ನೀವು ಬರೆದದ್ದರಲ್ಲಿ ಅತ್ಯುತ್ತಮ" ಎಂದು ಒಂದು ಸಾಲು ಉತ್ತರ ಬಂತು. ಅದು ನಿಜವೂ ಆಗಿತ್ತು. ಹೊಟ್ಟೆಕಿಚ್ಚು ಪಡುವವನಷ್ಟು ಸೂಕ್ಷ್ಮವಾಗಿ ಇನ್ನೊಬ್ಬರ ಕೆಲಸವನ್ನು ಯಾರೂ ನೋಡುವುದಿಲ್ಲ.

ಅಂದಿನಿಂದ ಎರಡೂವರೆ ವರ್ಷ ನಾನು ಮಾಡಿದ ಕೆಲಸವೆಂದರೆ ಅಳಿಸುವುದು. 1,140 ಪುಟಗಳು ನಾನೂರಾದವು, ನಲವತ್ತಾದವು, ಕೊನೆಗೆ ಒಂದಾಯಿತು. ಬಡಾವಣೆ ಒತ್ತಿ, ಬೀದಿ ಒತ್ತಿ, ಸುದ್ದಿ ಓದಿ. ಹಂಸಾ ಅವರ ನಿವೃತ್ತಿ 2025ರ ಜೂನ್ 30ಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರ ಕೈಯಿಂದ ತುಂಬುವ ಕೊನೆಯ ಚೌಕ ಜೂನ್ ತಿಂಗಳದ್ದು. ಅದು ನನ್ನದಾಗಬೇಕೆಂದು ಬಯಸಿದೆ. ಬೇರೆ ಯಾರ ಕೈಯಿಂದ ಬಂದರೂ ನನಗೆ ಅದು ಲೆಕ್ಕಕ್ಕಿರಲಿಲ್ಲ. ನಾನು ಇಷ್ಟು ಆಸೆಪಟ್ಟದ್ದು ಬಳಗದಲ್ಲಿ ಎಲ್ಲರಿಗೂ ಗೊತ್ತಿದ್ದಿರಬೇಕು, ಏಕೆಂದರೆ ಆ ತಿಂಗಳು ಬೇರೆ ಯಾರೂ ತಾಣ ತರಲಿಲ್ಲ.

ಜೂನ್ 14. ಅಂದೇ ಬಳಗದಿಂದ ಹಂಸಾ ಅವರಿಗೆ ಬೀಳ್ಕೊಡುಗೆ ಇದ್ದುದರಿಂದ ಲ್ಯಾಬು ತುಂಬಿತ್ತು. ಬೈರಮ್ಮ ಬಸ್ಸಿಳಿದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಚೀಟಿಯಲ್ಲಿ ಹೀಗಿತ್ತು: ನಿಮ್ಮ ಬೀದಿಯಲ್ಲಿ ನಾಳೆ ಕರೆಂಟ್ ಹೋಗುತ್ತದೆಯೇ? ನಾನು ಅಂಗೈಗಳ ಮೇಲೆ ಗಟ್ಟಿಯಾಗಿ ಕೂತೆ. ಅವರು ಅರೆಕೆರೆ ಒತ್ತಿದರು. ಬೀದಿ ಒತ್ತಿದರು. ಜೋರಾಗಿ ಓದಿದರು: "ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ವಿದ್ಯುತ್ ಇರುವುದಿಲ್ಲ." ನಲವತ್ತು ಸೆಕೆಂಡೂ ಆಗಿರಲಿಲ್ಲ. ಹಿಂದೆ ಯಾರೋ ಚಪ್ಪಾಳೆ ತಟ್ಟಲು ಶುರುಮಾಡಿದರು.

ಬೈರಮ್ಮ ಎದ್ದೇಳಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮೇಲೆ ತಳ್ಳಿದರು, ಕೆಳಗೆ ತಳ್ಳಿದರು.

"ನಾಳೆ ಅಂದ್ರೆ ಯಾವ ನಾಳೆ?"

ನಾನು ಅಂಗೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿಕೊಂಡೆ. ಉತ್ತರ ಕೊಡುವಂತಿರಲಿಲ್ಲ.

"ಇದು ಯಾವತ್ತು ಬರ್ದಿದ್ದು? ಇವತ್ತಾ, ಹೋದ ವಾರನಾ?" ಎಂದು ಇನ್ನೊಂದು ಸಲ ಹುಡುಕಿದರು. ಆಮೇಲೆ ತಾಣವನ್ನು ಮುಚ್ಚಿ, "ತಡೀರಿ, ಲೈನ್‌ಮ್ಯಾನ್ ನಂಬರ್ ಐತೆ ನನ್ತಾವ, ಅವ್ನನ್ನೇ ಕೇಳ್ತೀನಿ" ಎಂದು ಫೋನ್ ಹಚ್ಚಿದರು.

ನನ್ನ ಇಡೀ ತಾಣದಲ್ಲಿ, ಅದು ಹುಟ್ಟಿದ ದಿನದಿಂದ, ಯಾವ ಸುದ್ದಿಗೂ ತಾರೀಖು ಇರಲಿಲ್ಲ. ಕಾರಣ ಸರಳ. ಪತ್ರಿಕೆಯಲ್ಲಿ ತಾರೀಖು ಪುಟದ ನೆತ್ತಿಯ ಮೇಲೆ ಇರುತ್ತದೆ. ಅದನ್ನು ಪುಟ ಕಟ್ಟುವವರು ಹಾಕುತ್ತಾರೆ. ವರದಿಯೊಳಗೆ 'ನಾಳೆ' ಎಂದರೆ ಸಾಕು. ವರದಿಗಾರ ತಾರೀಖು ಬರೆದಿದ್ದರೆ ಉಪಸಂಪಾದಕ ಅದನ್ನು ಹೊಡೆದುಹಾಕುತ್ತಾನೆ. ನಾನು ಮೂವತ್ತೊಂದು ವರ್ಷ ಹೊಡೆದುಹಾಕಿದ್ದೆ. ನನ್ನ ತಾಣಕ್ಕೆ ನೆತ್ತಿ ಇಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಹಿಂದಿನ ಮೂರು ಪರೀಕ್ಷೆಗಳಲ್ಲಿ ಬೈರಮ್ಮ ಸುದ್ದಿಯವರೆಗೆ ತಲುಪದೇ ಇದ್ದುದರಿಂದ ಅವರಿಗೂ ಹೊಳೆದಿರಲಿಲ್ಲ.

ರೇವಂತ್ ಎದ್ದು ನಿಂತರು. "ಮೇಡಂ, ಡೇಟ್ ತಾನೆ? ಎರಡು ನಿಮಿಷದಲ್ಲಿ ನಾನೇ ಹಾಕ್ಕೊಡ್ತೀನಿ. ಲಾಸ್ಟ್ ಮಂತು, ಸಾರ್‌ದು ಗೋಡೆಗೆ ಹಾಕ್ಬಿಡಿ."

"ಎರಡು ನಿಮಿಷದ ಕೆಲಸ ಹತ್ತು ವರ್ಷ ಯಾಕೆ ಆಗ್ಲಿಲ್ಲ ರೇವಂತ್?" ಎಂದರು ಹಂಸಾ. ದನಿ ಏರಿರಲಿಲ್ಲ. ಓಣಿಗೆ ಹೋಗಿ, ಗಾಜಿನ ಬಾಗಿಲು ತೆಗೆದು, ಜೂನ್ ತಿಂಗಳ ಚೌಕದಲ್ಲಿ "ಈ ತಿಂಗಳು ಇಲ್ಲ" ಎಂದು ಬರೆದು, ಸೀಮೆಸುಣ್ಣವನ್ನು ರಮ್ಯಳ ಕೈಗೆ ಕೊಟ್ಟರು. ಗೋಡೆಯ ಹೊಣೆ ಈಗ ಅವಳದ್ದು.

ಅಂದು ನನಗಾದದ್ದು ಅವಮಾನವೆಂದು ಹಲವರು ತಿಳಿದರು. ಸ್ವಲ್ಪ ಆಯಿತು. ಆದರೆ ಹೆಚ್ಚಾಗಿ ಆದದ್ದು ಅದೇ ಹಳೆಯ ಹೊಟ್ಟೆಕಿಚ್ಚು, ಈ ಸಲ ನೇರವಾಗಿ ಹಂಸಾ ಅವರ ಮೇಲೆ. ಪತ್ರಿಕೆಯಲ್ಲಿ ಖಾಲಿ ಜಾಗ ಎಂಬುದಿಲ್ಲ. ಎಂಟಂಗುಲ ಉಳಿದರೆ ಎಂಟಂಗುಲ ತುಂಬಬೇಕು. ನಾನು ತುಂಬಿದ್ದೇನೆ, ಅರ್ಹವಲ್ಲದ್ದರಿಂದಲೂ, ಸ್ನೇಹಿತರ ಪುಸ್ತಕ ಬಿಡುಗಡೆಯಿಂದಲೂ. ಹದಿಮೂರು ವರ್ಷದ ಒಡನಾಡಿಯ ಆಸೆ ಎದುರಿಗೆ ಕೂತಿರುವಾಗ, ತಮ್ಮದೇ ಬೀಳ್ಕೊಡುಗೆಯ ದಿನ, ತಮ್ಮ ಕೊನೆಯ ಚೌಕವನ್ನು ಖಾಲಿ ಬಿಡುವ ಗಟ್ಟಿತನ ನನಗೆ ನನ್ನ ವೃತ್ತಿಯಲ್ಲಿ ಒಂದು ದಿನವೂ ಬರಲಿಲ್ಲ. 152 ತಾಣಗಳಿಗೆ ಬೆಲೆ ಬಂದದ್ದು ಆ ನಾಲ್ಕು ಖಾಲಿ ಚೌಕಗಳಿಂದ.

ಈ ಲೇಖನಕ್ಕಾಗಿ, ಹನ್ನೊಂದು ದಿನ ಎಂದು ನಾನು ಬರೆದದ್ದು ಸರಿಯೇ ಎಂದು ನೋಡಲು, ದಿನಚರಿಯ ಹಳೆಯ ಪ್ರತಿಗಳನ್ನು ಮೊನ್ನೆ ತೆಗೆದೆ. ಸರಿಯಾಗಿತ್ತು: ಮಾರ್ಚ್ 19ರಿಂದ 29. ಆ ಹನ್ನೊಂದು ದಿನ ಹಂಸಾ ಅವರು ಹಾಕಿದ ಪ್ರತಿಯೊಂದು ಸುದ್ದಿಯ ಕೆಳಗೂ ಒಂದು ಸಾಲು ಇತ್ತು. "ಬರೆದದ್ದು: ಸೋಮವಾರ, ಮಾರ್ಚ್ 19." "ಬರೆದದ್ದು: ಮಂಗಳವಾರ, ಮಾರ್ಚ್ 20." ಹೀಗೆ ಕೊನೆಯವರೆಗೆ. ಬದಲಾವಣೆಗಳ ಪಟ್ಟಿಯಲ್ಲಿ ಆ ಸಾಲುಗಳ ಬಗ್ಗೆ ಮುಂದಿನ ದಾಖಲೆ ಮಾರ್ಚ್ 31ರದು. ಆಸ್ಪತ್ರೆಯಿಂದ ಮರಳಿದ ಮೂರನೇ ದಿನ ಒಬ್ಬರು ಆ ಸಾಲುಗಳನ್ನೆಲ್ಲ ಒಂದೊಂದಾಗಿ ಅಳಿಸಿದ್ದಾರೆ. ಕಾರಣದ ಜಾಗದಲ್ಲಿ "ಅನಗತ್ಯ ಪದಗಳು" ಎಂದಿದೆ. ಅಳಿಸಿದವರ ಹೆಸರು ಶಾಂತವೀರಪ್ಪ.

ಹಂಸಾ ಅವರಿಗೆ ಫೋನ್ ಮಾಡಿ, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹಾಕಿದ್ನಲ್ಲ ಸಾರ್, ಹನ್ನೊಂದು ದಿನ," ಎಂದರು. "ನೀವು ತೆಗೆದ್ರಿ. ಆಮೇಲೆ ಅದನ್ನ ನಿಮಗೆ ಕುರ್ಚಿನೇ ಹೇಳ್ಬೇಕಿತ್ತು."

ಇನ್ನು ನೀವು ಗೋಡೆಯ ಹೊಣೆಗಾರರಲ್ಲವಲ್ಲ, ಮುಂದಿನ ಶನಿವಾರ ನನ್ನ ತಾಣಕ್ಕೆ ನೀವೇ ಕುರ್ಚಿಯಲ್ಲಿ ಕೂರಬಹುದಲ್ಲ ಎಂದೆ.

"ಆಗಲ್ಲ. ನಿಮ್ಮ ಸೈಟ್ ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಕಾಫಿ ಜೊತೆ ಓದ್ತಿದೀನಿ. ನಂಗೆ ಬಾಯಿಪಾಠ. ನಾನು ಕೂತ್ರೆ ಅದು ಪರೀಕ್ಷೆ ಆಗಲ್ಲ."

ಇದನ್ನು ಅವರು ಹತ್ತು ವರ್ಷ ಹೇಳಿರಲಿಲ್ಲ. ಹೇಳಿದ್ದರೆ ನಾನು ಬಹುಶಃ ಕುರ್ಚಿಗೆ ಹೋಗುತ್ತಲೇ ಇರಲಿಲ್ಲ.

ಹಂಸಾ ಅವರಿಗೆ ಅರವತ್ತು ತುಂಬಿದೆ. ಅವರ ಆರೋಗ್ಯ ಗಟ್ಟಿಯಾಗಿರಲಿ, ಅವರ ಬೆಳಗಿನ ಕಾಫಿ ಇನ್ನೂ ಬಹಳ ವರ್ಷ ಬಿಸಿಯಾಗಿ ಸಾಗಲಿ, ಪಾಲಿಟೆಕ್ನಿಕ್ಕಿನಿಂದ ಬಿಡುವಾದ ಅವರ ಕಣ್ಣು ಬಳಗಕ್ಕೆ ಇನ್ನಷ್ಟು ನಿಷ್ಠುರವಾಗಿ ಸಿಗಲಿ ಎಂದು ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆಯೆಂಬುದನ್ನು ಮುಚ್ಚಿಡುವುದಿಲ್ಲ. ಇದೇ ತಿಂಗಳ ಎರಡನೇ ಶನಿವಾರ ನಾನು ಐದನೇ ಸಲ ಸ್ಟೂಲಿನ ಮೇಲೆ ಕೂರುತ್ತಿದ್ದೇನೆ. ಗೋಡೆಗೆ ಬಂದರೂ ಬರದಿದ್ದರೂ ಅದನ್ನು ಅವರು ನೋಡಬೇಕು. ಅವರು ಸೇರಿಸಿದ್ದ ಆ ಸಾಲನ್ನು ಅದೇ ಜಾಗದಲ್ಲಿ, ಅವರದೇ ಪದಗಳಲ್ಲಿ ಮತ್ತೆ ಹಾಕಿದ್ದೇನೆ. ಇಲ್ಲಿಯೂ ಹಾಕುತ್ತೇನೆ.

ಬರೆದದ್ದು: ಶನಿವಾರ, ಜುಲೈ 5, 2025.